ದುಡ್ಡು ಕೊಟ್ಟು ಬೆವರಿದ್ದು: ಆರು ಸಲ ಸ್ಟೀಮ್ ಪೆಟ್ಟಿಗೆಯಲ್ಲಿ

ಕಲಬುರಗಿಯಲ್ಲಿದ್ದು ಸ್ಟೀಮ್ ಬಾತ್‌ಗೆ ಹೋಗ್ತೀನಿ ಅಂದಾಗ ನಮ್ಮ ಅವ್ವ ನಕ್ಕಳು. "ಬೆವರ್ಲಾಕ ರೊಕ್ಕ ಕೊಡ್ತಿ? ಮೇ ತಿಂಗಳ್ದಾಗ ಮಾಳಗಿ ಮ್ಯಾಲ ಕುಂದ್ರು, ಪುಕ್ಕಟೆ ಆಗ್ತದ." ನಾನು ಹೋಗಿದ್ದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಮೊಣಕಾಲು ಹಿಡಿಯುತ್ತಿತ್ತು, ಹತ್ತು ಸಿಟ್ಟಿಂಗ್‌ಗೆ ಒಟ್ಟಿಗೆ ಕಟ್ಟಿಬಿಟ್ಟೆ. ಸೆಂಟರ್ ಹೆಸರು ಬೇಡ.

ಮರದ ಪೆಟ್ಟಿಗೆ. ಒಳಗೆ ಸ್ಟೂಲು, ತಲೆ ಮಾತ್ರ ಹೊರಗೆ, ಕುತ್ತಿಗೆ ಸುತ್ತ ಒಂದು ಟವೆಲ್. ಐದು ನಿಮಿಷಕ್ಕೆ ಮೂಗಿನ ತುದಿಯಲ್ಲಿ ಬೆವರು ನಿಲ್ಲುತ್ತೆ, ಒರೆಸಿಕೊಳ್ಳೋಣ ಅಂದ್ರೆ ಕೈ ಒಳಗೆ! ಹೊರಗೆ ಬಂದಾಗ ಮೈ ಹಗುರ, ರಾತ್ರಿ ಒಳ್ಳೆ ನಿದ್ದೆ. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ತಕರಾರು ಇರುವುದು ಗೋಡೆಯ ಬೋರ್ಡ್ ಮೇಲೆ. "ರಕ್ತನಾಳದ ಬ್ಲಾಕೇಜ್ ಕರಗುತ್ತದೆ" ಅಂತ ಬರೆದಿದ್ದಾರೆ. ಹಾಗೆ ಕರಗಲ್ಲ. ಬಿಸಿಗೆ ರಕ್ತನಾಳ ಹಿಗ್ಗುತ್ತೆ, ಎದೆ ಬಡಿತ ಜಾಸ್ತಿಯಾಗುತ್ತೆ, ರಕ್ತ ರಭಸವಾಗಿ ಹರಿದು ನಾಳದ ಒಳಪದರವನ್ನು ಉಜ್ಜಿದಾಗ ಅಲ್ಲಿಂದ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹೊರಬಂದು ನಾಳದ ಗೋಡೆಯನ್ನು ಇನ್ನಷ್ಟು ಸಡಿಲ ಮಾಡುತ್ತೆ. ದಿನಾ ನಡೆದಾಡಿದರೂ ಸುಮಾರು ಇದೇ ಆಗೋದು. 2016ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ವ್ಯಾಯಾಮ ಮಾಡದ ಯುವಕ ಯುವತಿಯರನ್ನು 8 ವಾರ, ವಾರಕ್ಕೆ ನಾಲ್ಕೈದು ಸಲ 40.5 ಡಿಗ್ರಿ ನೀರಿನಲ್ಲಿ ಕೂರಿಸಿ ನೋಡಿದ್ದರು. ನಾಳಗಳು ಹಿಗ್ಗುವ ಶಕ್ತಿ ಹೆಚ್ಚಿತ್ತು, ಬಿಪಿ ಸ್ವಲ್ಪ ಇಳಿದಿತ್ತು. ಅವರೆಲ್ಲ ಆರೋಗ್ಯವಂತರು, ಬ್ಲಾಕೇಜ್ ಇದ್ದವರಲ್ಲ. ಫಿನ್‌ಲ್ಯಾಂಡ್‌ನಲ್ಲಿ 2,315 ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನವೂ ಇದೆ, 2015ರಲ್ಲಿ ಬಂತು. ವಾರಕ್ಕೊಮ್ಮೆ ಸೌನಾಗೆ, ಅಂದ್ರೆ ಬೆವರಲು ಕೂರುವ ಬಿಸಿ ಕೋಣೆಗೆ, ಹೋಗುವವರಿಗಿಂತ ನಾಲ್ಕರಿಂದ ಏಳು ಸಲ ಹೋಗುವವರಲ್ಲಿ ಹೃದಯದ ತೊಂದರೆಯಿಂದ ಹಠಾತ್ತಾಗಿ ಸತ್ತವರು ಕಡಿಮೆ. ಆದರೆ ಅದು ಒಣ ಬಿಸಿ, 80 ಡಿಗ್ರಿ ಹತ್ತಿರ. ನಮ್ಮ ಪೆಟ್ಟಿಗೆಯದ್ದು ಹಸಿ ಹಬೆ. ಮೇಲಾಗಿ ವಾರಕ್ಕೆ ನಾಲ್ಕು ಸಲ ಸೌನಾದಲ್ಲಿ ಕೂರುವಷ್ಟು ಪುರುಸೊತ್ತು, ಗಟ್ಟಿ ಮೈ ಇದ್ದವರು ಮೊದಲೇ ಚೆನ್ನಾಗಿದ್ದರೋ ಏನೋ ಅಲ್ವಾ?

ಆರನೇ ಸಲ ಏನಾಯ್ತು ಕೇಳಿ. ನನಗೆ ಬಿಪಿ ಗುಳಿಗೆ ಇದೆ, ಆದರೆ ಅಲ್ಲಿ ಆವತ್ತಿನವರೆಗೆ ಒಬ್ಬರೂ ಕೇಳಿರಲಿಲ್ಲ, ನಾನೂ ಸುಮ್ನಿದ್ದೆ, ತಪ್ಪು ನನ್ನದೂ ಇದೆ. ಹದಿನೈದು ನಿಮಿಷ ಅಂದವರು ಫೋನಲ್ಲಿ ಮಾತಾಡುತ್ತಾ ನನ್ನನ್ನು ಮರೆತರು. ಇಪ್ಪತ್ತೈದು ಆಯ್ತು. ಬಾಗಿಲು ತೆಗೆದ ತಕ್ಷಣ ಎದ್ದೆ, ಕಣ್ಣು ಕತ್ತಲೆ ಬಂತು, ಪೆಟ್ಟಿಗೆಯ ಅಂಚು ಹಿಡಿದು ಹಾಗೇ ಕುಸಿದು ಕೂತೆ. ಹಿಗ್ಗಿದ ನಾಳಗಳಲ್ಲಿ ರಕ್ತ ಕಾಲಿಗಿಳಿದು ನಿಲ್ಲುತ್ತೆ, ಮೇಲಿಂದ ಗುಳಿಗೆ ಬೇರೆ, ಬಿಪಿ ಬೀಳದೆ ಏನು? ಅಲ್ಲಿನ ಹುಡುಗ ಗಾಬರಿಯಾಗಿ ಉಪ್ಪು ಹಾಕಿದ ನಿಂಬೆ ನೀರು ತಂದ. "ಕಾಕಾ, ಸಾವಕಾಶ ಏಳ್ರಿ" ಅಂದ. ಅದನ್ನು ಮೊದಲೇ ಹೇಳಬೇಕಿತ್ತು.

ಬಿಪಿ, ಹಾರ್ಟ್ ಗುಳಿಗೆ ತಗೊಳ್ಳುವವರು ಡಾಕ್ಟರ್ ಕೇಳಿಯೇ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಂತೂ ಹುಷಾರು, ಸುಟ್ಟರೂ ಗೊತ್ತಾಗಲ್ಲ. ಐದಕ್ಕೆ ಎರಡೂವರೆ ಸ್ಟಾರ್. ಇನ್ನೂ ನಾಲ್ಕು ಸಿಟ್ಟಿಂಗ್ ಬಾಕಿ ಇವೆ. ಬಿಪಿ ಮಷೀನ್ ತಂದಿಡಿ, ಆ ಬೋರ್ಡ್ ಇಳಿಸಿ, ಆಮೇಲೆ ಬರ್ತೀನಿ ಅಂತ ಹೇಳಿ ಬಂದಿದ್ದೇನೆ.