ಗ್ರೇಡಿಂಗ್‌ಗೆ ಕಳಿಸುವ ಮುನ್ನ: ಆ್ಯಪ್, ವ್ಯಾಪಾರಿಯ ಮಾತು, ಮೇಜಿನ ದೀಪ

ಸಂಗ್ರಹದ ಕಾರ್ಡನ್ನು ಗ್ರೇಡಿಂಗ್‌ಗೆ, ಅಂದರೆ ಸ್ಥಿತಿ ನೋಡಿ 10ರವರೆಗೆ ಅಂಕ ಕೊಡುವ ಕಂಪನಿಗೆ, ಕಳಿಸುವ ಮುನ್ನ ಪರೀಕ್ಷಿಸುವುದು ಹೇಗೆ? ನನ್ನ ಮತ ಮೇಜಿನ ದೀಪಕ್ಕೆ ಮತ್ತು 12 ಡಾಲರಿನ ಭೂತಗನ್ನಡಿಗೆ. ಚಿನ್ನದಂಗಡಿಯವರು ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಹಿಡಿಯುತ್ತಾರಲ್ಲ, ಅಂಥದ್ದು. 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಅದನ್ನು ಕೊಂಡದ್ದು ಒಂದು ಬ್ಲಾಸ್ಟಾಯ್ಸ್ ಕಾರ್ಡಿನಲ್ಲಿ ಕೈ ಸುಟ್ಟುಕೊಂಡ ಮೇಲೆ.

ಅದು 1999ರ ಪೋಕೆಮಾನ್ 'ಬೇಸ್ ಸೆಟ್' ಎಂಬ ಸರಣಿಯ ಕಾರ್ಡು, 102 ಕಾರ್ಡುಗಳಲ್ಲಿ 2ನೆಯದು. ಫ್ರೀಮಾಂಟ್‌ನಲ್ಲಿ ನಮ್ಮ ಮನೆಯ ಹತ್ತಿರ ನಡೆದ ಕಾರ್ಡುಗಳ ಸಂತೆಯಲ್ಲಿ 130 ಡಾಲರ್ ಕೊಟ್ಟು ತಂದಿದ್ದೆ. ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಮೊದಲು ಫೋಟೊದಿಂದ ಅಂಕ ಅಂದಾಜಿಸುವ ಮೊಬೈಲಿನ ಆ್ಯಪ್ ನೋಡಿದೆ, ಆಮೇಲೆ ಪರಿಚಯದ ವ್ಯಾಪಾರಿಯೊಬ್ಬರನ್ನು ಕೇಳಿದೆ. ಆ್ಯಪ್ 9 ಅಂಕ ಬರುತ್ತದೆ ಎಂದಿತು. ವ್ಯಾಪಾರಿ, 'ಧೈರ್ಯವಾಗಿ ಕಳಿಸಿ' ಎಂದರು. ಬಂದದ್ದು 6.

ಅನ್ಯಾಯವಾಯಿತೆಂದೇ ಮೊದಲ ದಿನ ನಂಬಿದ್ದೆ. ರಾತ್ರಿ ಕೋಣೆಯ ದೊಡ್ಡ ದೀಪ ಆರಿಸಿ, ಮೇಜಿನ ದೀಪವನ್ನು ಕಾರ್ಡಿನ ಮಟ್ಟಕ್ಕೆ ಬಗ್ಗಿಸಿ ಓರೆಯಾಗಿ ಹಿಡಿದೆ. 'ಹೈಡ್ರೋ ಪಂಪ್' ಎಂಬ ಅಕ್ಷರಗಳ ಪಕ್ಕದಲ್ಲಿ ಅರ್ಧ ಅಕ್ಕಿಕಾಳಿನಷ್ಟು ತಗ್ಗು! ಯಾರದೋ ಉಗುರು ಒತ್ತಿದ ಗುರುತು. ಬಣ್ಣ ಕಿತ್ತಿಲ್ಲ, ಗೀರು ಬಿದ್ದಿಲ್ಲ. ನೇರವಾಗಿ ನೋಡಿದರೆ ಏನೂ ಇಲ್ಲ. ಬೆಳಕು ಪಕ್ಕದಿಂದ ಬಿದ್ದಾಗ ಮಾತ್ರ ಒಂದು ಅಂಚಿನಲ್ಲಿ ಸಣ್ಣ ನೆರಳು ಏಳುತ್ತದೆ. ಕಾರ್ಡನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮಾಯ.

ಆ್ಯಪ್‌ಗೆ ಅದು ಕಾಣದ್ದು ಏಕೆಂದು ಆಗ ಅರ್ಥವಾಯಿತು. ಕಾರ್ಡನ್ನು ಸಮತಟ್ಟಾಗಿ ಇಟ್ಟು, ನೆರಳು ಬೀಳದಂತೆ, ಮೇಲಿನಿಂದ ಫೋಟೊ ತೆಗೆಯಿರಿ ಎಂದು ಅದೇ ಸೂಚಿಸುತ್ತದೆ. ನೆರಳೇ ಇಲ್ಲದ ಮೇಲೆ ತಗ್ಗು ಕಾಣುವುದೆಲ್ಲಿಂದ? ವ್ಯಾಪಾರಿಯಾದರೋ ಗಟ್ಟಿ ಪ್ಲಾಸ್ಟಿಕ್ ಕವಚದಿಂದ ಹೊರತೆಗೆಯದೆಯೇ ನೋಡಿದ್ದರು. ಕವಚದ ಗೀರು ಯಾವುದು, ಕಾರ್ಡಿನ ಗೀರು ಯಾವುದು ಎಂದು ಹಾಗೆ ಬೇರ್ಪಡಿಸಲಾಗದು. ಹೊರಗೆ ತೆಗೆದುಕೊಡದ ತಪ್ಪು ನನ್ನದೂ ಹೌದು.

ಭೂತಗನ್ನಡಿಯ ಕೆಲಸ ಬೇರೆ: ಹಿಂಬದಿಯ ನೀಲಿ ಅಂಚು. ಹಳೆಯ ಪೋಕೆಮಾನ್ ಕಾರ್ಡುಗಳಲ್ಲಿ ಆ ಅಂಚು ಸವೆದು ಬಿಳಿ ಚುಕ್ಕೆಗಳು ಏಳುತ್ತವೆ. ಬರಿಗಣ್ಣಿಗೆ ಎರಡು ಕಂಡರೆ ಗಾಜಿನಡಿ ಎಂಟು ಸಿಗುತ್ತವೆ. ಮೂಲೆಗಳನ್ನೂ ಹಾಗೆಯೇ ಒಂದೊಂದಾಗಿ ನೋಡಬೇಕು. ಒಂದು ಕಾರ್ಡಿಗೆ ಹತ್ತು ನಿಮಿಷ ಬೇಕು, ನನಗದು ಖುಷಿಯ ಹತ್ತು ನಿಮಿಷ.

ಆ್ಯಪ್ ಪೂರ್ತಿ ದಂಡವೇನಲ್ಲ. ಚಿತ್ರ ನಟ್ಟನಡುವೆ ಅಚ್ಚಾಗಿದೆಯೇ ಎಂಬುದನ್ನು ಅದು ನನ್ನ ಅಳತೆಪಟ್ಟಿಗಿಂತ ಚೆನ್ನಾಗಿ ಅಳೆಯುತ್ತದೆ. ಪಿಎಸ್‌ಎ 10 ಕೊಡಲು ಎದುರುಬದುರಿನ ಎರಡು ಅಂಚುಗಳ ಅಗಲದ ಅನುಪಾತ ಮುಂಬದಿಯಲ್ಲಿ ಸುಮಾರು 55/45ರೊಳಗೆ, ಹಿಂಬದಿಯಲ್ಲಿ 75/25ರೊಳಗೆ ಇರಬೇಕು. ಆದರೆ ಇದೊಂದಕ್ಕಾಗಿ ತಿಂಗಳ ಚಂದಾ ಕಟ್ಟಲು ನನಗೆ ಮನಸ್ಸಿಲ್ಲ, ನಿಲ್ಲಿಸಿದೆ.

ನಕಲಿ ಕಾರ್ಡು, ಕತ್ತರಿಸಿ ಅಂಚು ಸರಿಮಾಡಿದ ಕಾರ್ಡು ಎಂಬ ಅನುಮಾನ ಬಂದರೆ ಈಗಲೂ ವ್ಯಾಪಾರಿಯ ಹತ್ತಿರವೇ ಹೋಗುತ್ತೇನೆ. ಅಲ್ಲಿ ಅವರ ಕೈಗೆ ಸಮನಾದದ್ದು ನನ್ನ ಬಳಿ ಇಲ್ಲ.

ಇನ್ನು ಹಣದ ಮಾತು. ಬ್ಲಾಸ್ಟಾಯ್ಸ್‌ಗೆ ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಸೇರಿ 50 ಡಾಲರ್ ದಾಟಿತು. 6 ಅಂಕದ ಅಂಥದೇ ಕಾರ್ಡುಗಳು ಮಾರಾಟವಾದ ಬೆಲೆ ನೋಡಿದರೆ ಅಸಲೂ ಹುಟ್ಟುವಂತಿರಲಿಲ್ಲ. ಈಗ ದೀಪದ ಕೆಳಗೆ ನೋಡಿ ನನಗೆ ತೋಚಿದ ಅಂಕದಿಂದ ಒಂದು ಕಳೆಯುತ್ತೇನೆ. ಆ ಕಡಿಮೆ ಅಂಕದ ಕಾರ್ಡು ಈಚೆಗೆ ಎಷ್ಟಕ್ಕೆ ಹೋಗಿದೆ ನೋಡುತ್ತೇನೆ. ಕೇಳಿದ ಬೆಲೆ ಅಲ್ಲ, ಮಾರಾಟವಾದ ಬೆಲೆ. ಅದರಲ್ಲಿ ಖರ್ಚು ಕಳೆದೂ ಗ್ರೇಡ್ ಇಲ್ಲದ ಕಾರ್ಡಿನ ಬೆಲೆಗಿಂತ ಹೆಚ್ಚು ಉಳಿದರೆ ಮಾತ್ರ ಕಳಿಸುವುದು. 10 ಬಂದರೆ ಮಾತ್ರ ಲಾಭ ಎನ್ನುವ ಕಾರ್ಡು ನನ್ನ ಜೇಬಿಗೆ ಹೊಂದುವುದಿಲ್ಲ. ದೊಡ್ಡ ಸಂಗ್ರಹ ಇರುವವರು ಹತ್ತರಲ್ಲಿ ಎರಡು ಗೆದ್ದರೂ ಸರಿದೂಗಿಸಬಹುದು. ನಾನು ವರ್ಷಕ್ಕೆ ಕಳಿಸುವುದೇ ಮೂರು.

ಕಳೆದ ವಾರ ಅದೇ ಸೆಟ್‌ನ ವೀನಸಾರ್ ಒಂದನ್ನು ದೀಪದ ಕೆಳಗೆ ಹಿಡಿದೆ. ಹೊಳೆಯುವ ಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಅಚ್ಚಿನ ಸಣ್ಣ ಗೆರೆ ಕಂಡಿತು. ತೆಳು ಲಕೋಟೆಗೆ ಹಾಕಿ ಆಲ್ಬಮ್ಮಿಗೆ ಸೇರಿಸಿದ್ದೇನೆ, ಮಗಳು ದಿನಾ ತೆಗೆದು ನೋಡುತ್ತಾಳೆ.