ಮಗನನ್ನು ಸ್ಕೌಟ್ ದಳಕ್ಕೆ ಸೇರಿಸಿ ಎರಡು ವರ್ಷ: ಒಬ್ಬ ತಾಯಿಯ ವಿಮರ್ಶೆ

ನಮ್ಮ ಬಡಾವಣೆಯ ಶಾಲೆಯೊಂದರಲ್ಲಿ ಶನಿವಾರ ಮಧ್ಯಾಹ್ನ ಸೇರುವ ಸ್ಕೌಟ್ ದಳಕ್ಕೆ ಮಗನನ್ನು ಸೇರಿಸಿದಾಗ ಅವನಿಗೆ ಆಗಷ್ಟೇ ಹತ್ತು ತುಂಬಿತ್ತು. ಈಗ ಅವನು ಸ್ಕೌಟ್ ಕಲಿಕೆಯ ಹಂತಗಳಲ್ಲಿ ದ್ವಿತೀಯ ಸೋಪಾನ ಮುಗಿಸಿ ತೃತೀಯ ಸೋಪಾನಕ್ಕೆ ತಯಾರಿ ನಡೆಸುತ್ತಿದ್ದಾನೆ. ಮಕ್ಕಳನ್ನು ಸೇರಿಸಬೇಕೆಂದಿರುವವರಿಗೆ ಉಪಯೋಗವಾದೀತೆಂದು ಈ ವಿಮರ್ಶೆ ಬರೆಯುತ್ತಿದ್ದೇನೆ. ಈಜಿನ ತರಬೇತಿಗೆ ಹಣ ಕಟ್ಟಿ ಬಾಗಿಲಲ್ಲಿ ಬಿಟ್ಟು ಬರುವ ಹಾಗೆ ಇಲ್ಲಿಯೂ ಬಿಟ್ಟು ಬಂದರೆ ಮಗು ಹೆಚ್ಚು ಮುಂದೆ ಹೋಗುವುದಿಲ್ಲ. ದಳದಲ್ಲಿ ವಾರಕ್ಕೆ ಒಂದೂವರೆ ಗಂಟೆ ಹೇಳಿಕೊಟ್ಟದ್ದು ಕೈಗೆ ಹತ್ತುವುದು ಮನೆಯಲ್ಲಿಯೇ. ಹಾಗೆಂದು ಮನೆಯವರು ಮಗುವಿನ ಕೆಲಸಕ್ಕೆ ಕೈ ಹಾಕಿದರೂ ಕೆಡುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಯಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು.

ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ಕ್ರಮದಲ್ಲಿ ಮೊದಲನೆಯದು ಪ್ರವೇಶ. ಆಮೇಲೆ ಮೂರು ಸೋಪಾನಗಳು, ಅವುಗಳ ನಂತರ ರಾಜ್ಯ ಪುರಸ್ಕಾರ ಮತ್ತು ರಾಷ್ಟ್ರಪತಿ ಪುರಸ್ಕಾರ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಟ್ಟಲೆ ಕೆಲಸ ಮಾಡಿರಬೇಕಾದ್ದರಿಂದ ಅವಸರಕ್ಕೆ ಇಲ್ಲಿ ಜಾಗವಿಲ್ಲ. ಪ್ರವೇಶದ ಪರೀಕ್ಷೆಗೆ ಸ್ಕೌಟ್ ಚಳವಳಿಯ ಇತಿಹಾಸವನ್ನೂ ತಿಳಿದಿರಬೇಕು. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಆರಂಭವಾಯಿತೆಂದೂ, ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ಮೀಸಲಾಗಿತ್ತೆಂದೂ ಮಗ ಊಟದ ಹೊತ್ತಿನಲ್ಲಿ ಹೇಳಿದಾಗ ಮನೆಮಂದಿಯೆಲ್ಲ ಕೈ ತಡೆದು ಕೇಳಿದೆವು. ಅವನು ಹೇಳಿದ್ದನ್ನು ನಾವು ಹಾಗೆ ಕೇಳಿಸಿಕೊಂಡದ್ದೇ ಅವನಿಗೆ ಪುಸ್ತಕ ಓದಿಸಿದ್ದಕ್ಕಿಂತ ಹೆಚ್ಚು ನೆರವಾಯಿತು.

ಅದೇ ಹಂತದಲ್ಲಿ ಕನಿಷ್ಠ ಒಂದು ತಿಂಗಳ ಕಾಲ ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಡೈರಿಯಲ್ಲಿ ಬರೆದಿಡಬೇಕು. ನಾನು ದಿನವೂ ರಾತ್ರಿ "ಇವತ್ತಿನದ್ದು ಆಯಿತೇನೋ?" ಎಂದು ನೆನಪಿಸುತ್ತಿದ್ದೆ, ಅವನು ಓಡಿ ಹೋಗಿ ಒಂದು ಲೋಟ ತೊಳೆದಿಟ್ಟು ಬಂದು ಬರೆಯುತ್ತಿದ್ದ. ಡೈರಿ ತುಂಬುತ್ತಿತ್ತು, ಆದರೆ ಅದು ಶಾಲೆಯ ಮನೆಗೆಲಸದ ಪುಸ್ತಕದಂತೆಯೇ ಇತ್ತು. ಅದನ್ನು ನೋಡಿದ ಸ್ಕೌಟ್ ಮಾಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ವಾರ ನೀವು ಏನೂ ಕೇಳಬೇಡಿ ಮೇಡಂ, ಪುಟ ಖಾಲಿ ಉಳಿದರೆ ಉಳಿಯಲಿ" ಎಂದರು. ಮೂರು ದಿನ ಪುಟ ಖಾಲಿಯಾಗಿಯೇ ಉಳಿಯಿತು. ನಾಲ್ಕನೆಯ ದಿನ ಅಲ್ಲಿ ಒಂದೇ ಸಾಲು ಕಂಡಿತು: "ಅಜ್ಜಿಗೆ ಸೂಜಿಗೆ ದಾರ ಪೋಣಿಸಿಕೊಟ್ಟೆ." ನಮ್ಮ ಅತ್ತೆಯವರು ಕಣ್ಣು ಮಂಜಾದ ಮೇಲೆ ಹರಿದ ಬಟ್ಟೆಗಳನ್ನು ಹೊಲಿಯದೆ ಹಾಗೆಯೇ ಎತ್ತಿಡುತ್ತಿದ್ದರು. ಅದನ್ನು ಮನೆಯಲ್ಲಿ ನಾವು ಯಾರೂ ಗಮನಿಸಿರಲಿಲ್ಲ.

ಪ್ರಥಮ ಸೋಪಾನದಲ್ಲಿ ಗಂಟುಗಳು ಬರುತ್ತವೆ. ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ಗಂಟಿಗೆ ಬಲ ತುದಿ ಎಡದ ಮೇಲೆ, ಮತ್ತೆ ಎಡ ತುದಿ ಬಲದ ಮೇಲೆ ಹೋಗಬೇಕು. ಎರಡು ಸಲವೂ ಒಂದೇ ಕಡೆ ಸುತ್ತಿದರೆ ನೋಡಲು ಗಂಟಿನಂತೆಯೇ ಕಂಡರೂ ಎಳೆದಾಗ ಜಾರುತ್ತದೆ. ಅಭ್ಯಾಸಕ್ಕೆಂದು ಮೀಟರುಗಟ್ಟಲೆ ಹೊಸ ಹಗ್ಗ ತರುವ ಅಗತ್ಯವಿಲ್ಲ. ನಾವು ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗವನ್ನು ಬಿಚ್ಚಿ, ಕಂಬಕ್ಕೆ ಕ್ಲೋವ್ ಹಿಚ್ ಎಂಬ ಗಂಟು ಹಾಕಿ ಕಟ್ಟುವ ಕೆಲಸವನ್ನು ಅವನಿಗೇ ಬಿಟ್ಟೆವು. ಮೊದಲ ದಿನ ಒದ್ದೆ ಹೊದಿಕೆಯ ಭಾರಕ್ಕೆ ಹಗ್ಗ ಸಡಿಲಗೊಂಡು ಹೊದಿಕೆ ನೆಲ ಮುಟ್ಟಿತು. ಅವರಪ್ಪ ಎದ್ದು ಹೋಗುವವರಿದ್ದರು, ನಾನೇ ತಡೆದೆ. ಅವನು ಮೂರು ಸಲ ಬಿಚ್ಚಿ ಕಟ್ಟಿದ; ಮೂರನೆಯ ಸಲದ ಗಂಟು ಈಗಲೂ ಹಾಗೆಯೇ ಇದೆ.

ದ್ವಿತೀಯ ಸೋಪಾನದಲ್ಲಿ ಎರಡೇ ಬೆಂಕಿಕಡ್ಡಿಗಳಲ್ಲಿ ಒಲೆ ಹೊತ್ತಿಸಿ ಅಡುಗೆ ಮಾಡಬೇಕಾಗುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಭಾನುವಾರದ ಉಪ್ಪಿಟ್ಟನ್ನು, ನಾನು ಹತ್ತಿರದಲ್ಲೇ ನಿಂತಿದ್ದರೂ ಬಾಯಿ ಬಿಡದೆ, ಅವನಿಂದಲೇ ಮಾಡಿಸಿದ್ದು ಸಾರ್ಥಕವಾಯಿತು. ಶಿಬಿರದ ಚೀಲವನ್ನೂ ಮಗುವೇ ತುಂಬಬೇಕು. ಮೊದಲ ಶಿಬಿರಕ್ಕೆ ನಾನು ಅಚ್ಚುಕಟ್ಟಾಗಿ ತುಂಬಿಕೊಟ್ಟಿದ್ದೆ. ಟಾರ್ಚ್ ಯಾವ ಮೂಲೆಯಲ್ಲಿದೆಯೆಂದು ತಿಳಿಯದೆ ಅವನು ಕತ್ತಲೆಯಲ್ಲಿ ಇಡೀ ಚೀಲವನ್ನು ಸುರುವಿದನಂತೆ.

ಕೊರತೆಗಳನ್ನೂ ಹೇಳಬೇಕು. ಪರೀಕ್ಷಾ ಶಿಬಿರದ ದಿನಾಂಕ ನಮಗೆ ತಿಳಿದದ್ದು ಎರಡು ದಿನ ಮೊದಲು. ಮಾಡಿದ ಕೆಲಸಗಳನ್ನು ಮಗು ಬರೆದಿಡುವ ಲಾಗ್ ಬುಕ್ ಹೇಗಿರಬೇಕೆಂಬ ಬಗ್ಗೆ ಒಬ್ಬೊಬ್ಬರು ಒಂದೊಂದು ರೀತಿ ಹೇಳಿದ್ದರಿಂದ ಮಗ ಅದನ್ನು ಮತ್ತೆ ಬರೆಯಬೇಕಾಯಿತು. ಕೆಲವು ಮಕ್ಕಳ ಲಾಗ್ ಬುಕ್‌ಗಳಲ್ಲಿ ದೊಡ್ಡವರ ಕೈಬರಹ ಸ್ಪಷ್ಟವಾಗಿ ಕಾಣುತ್ತಿದ್ದರೂ ಅವನ್ನು ಒಪ್ಪಿಕೊಂಡದ್ದು ನನಗೆ ತುಂಬಾ ಬೇಸರ ತಂದಿತು. ಸ್ವತಃ ಬರೆದ ಮಕ್ಕಳಿಗೆ ಇದರಿಂದ ಅನ್ಯಾಯವಾಗುತ್ತದೆ. ಇವೆಲ್ಲವೂ ಸರಿಪಡಿಸಬಹುದಾದ ದೋಷಗಳಾದ್ದರಿಂದ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಶುಲ್ಕ ತೀರಾ ಕಡಿಮೆ. ಸಮವಸ್ತ್ರ, ಸ್ಕಾರ್ಫ್, ಶಿಬಿರಗಳಿಗೆ ಆಗುವುದೇ ಮುಖ್ಯ ಖರ್ಚು.

ಸಿಇಟಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗವಿದೆ, ರೈಲ್ವೆಯ ನೇಮಕಾತಿಯಲ್ಲೂ ಕೋಟಾ ಇದೆ. ಹಲವು ಪೋಷಕರು ಮೊದಲು ವಿಚಾರಿಸುವುದೂ ಅದನ್ನೇ. ವಿಚಾರಿಸುವುದರಲ್ಲಿ ತಪ್ಪಿಲ್ಲ, ಆದರೆ ಹತ್ತು ವರ್ಷದ ಮಗುವಿನ ಮುಂದೆ ಆ ಮಾತು ಬೇಡ. ಸೀಟಿಗಾಗಿ ಗಂಟು ಕಲಿಯುವ ಮಗು ಪರೀಕ್ಷೆಯ ಮರುದಿನವೇ ಹಗ್ಗವನ್ನು ಮೂಲೆಗೆ ಹಾಕುತ್ತದೆ.

ಸೇರಿಸುವ ಮೊದಲು ಒಂದು ಶನಿವಾರ ಹೋಗಿ, ಮೈದಾನದ ಅಂಚಿನಲ್ಲಿ ಕುಳಿತು ನೋಡಿ. ಇಡೀ ಹೊತ್ತು ಮಾಸ್ಟರ್ ಒಬ್ಬರೇ ಶೀಟಿ ಊದುತ್ತ ಸಾಲು ನಿಲ್ಲಿಸುತ್ತಿದ್ದರೆ ಬೇರೆ ದಳವನ್ನು ವಿಚಾರಿಸುವುದು ಒಳ್ಳೆಯದು. ದಳದೊಳಗಿನ ಚಿಕ್ಕ ಗುಂಪಾದ ಪ್ಯಾಟ್ರೋಲ್‌ನ ನಾಯಕನಾದ ಹುಡುಗ ತನ್ನ ಆರೇಳು ಜನರಿಗೆ ಹಗ್ಗ ಹಿಡಿದು ಹೇಳಿಕೊಡುತ್ತಿದ್ದು, ಮಾಸ್ಟರ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಅಂದೇ ಅರ್ಜಿ ತುಂಬಿ ಬನ್ನಿ.