ಪೇಂಟಿಂಗ್ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ನಲವತ್ತು ದಾಟಿದ ಮೇಲೆ ಚಿತ್ರ ಕಲಿಯುವ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಾವಣಗೆರೆಯಲ್ಲೇ ನನ್ನ 16,000 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಹಾಳಾದ ನಾಲ್ಕು ತಿಂಗಳ ಭಾನುವಾರಗಳು.

ನಾನು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯುವವನು. ಶಾಲೆಯಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಆಸೆಯಿತ್ತು. ಮನೆಯಲ್ಲಿ ಬಿಡಲಿಲ್ಲ. ಹೋದ ವರ್ಷ ‘ಏನೂ ಬರದವರಿಗೂ ನಾಲ್ಕೇ ತಿಂಗಳಲ್ಲಿ ಪೇಂಟಿಂಗ್’ ಅನ್ನುವ ಬೋರ್ಡು ನೋಡಿ ಒಳಗೆ ಹೋದೆ. ಗೋಡೆ ತುಂಬ ಕಲಿತವರ ಚಿತ್ರಗಳು. ನವಿಲು, ಬುದ್ಧ, ಸೂರ್ಯಾಸ್ತ. ಆರು ಬುದ್ಧರ ಮೂಗು, ತುಟಿ ಎಲ್ಲವೂ ಒಂದೇ ಥರ ಇದ್ದವು. ಕಣ್ಣಿಗೆ ಬಿದ್ದಿತ್ತು, ಆದರೆ ಯಾಕೆ ಹಾಗೆ ಅಂತ ಕೇಳಲಿಲ್ಲ. ಕೇಳಬೇಕಿತ್ತು.

ಫೀಸು ಪೂರ್ತಿ ಮೊದಲೇ, 12,000. ಬಣ್ಣದ ಕಿಟ್ಟು 4,000, ಅದನ್ನೂ ಅವರ ಹತ್ತಿರವೇ ಕೊಳ್ಳಬೇಕು. ರಸೀದಿ ಕೇಳಿದರೆ ‘ಆಮೇಲೆ ಕೊಡ್ತೀವಿ ಸರ್’ ಅಂದರು.

ಕ್ಲಾಸಿನಲ್ಲಿ ನಡೆದದ್ದು ಇಷ್ಟೇ. ಪ್ರಿಂಟ್ ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಗೆರೆ ತಿದ್ದುವುದು. ಅವರು ಹೇಳಿದ ಜಾಗಕ್ಕೆ ಹೇಳಿದ ಬಣ್ಣ ತುಂಬುವುದು. ಕೊನೆಗೆ ಮೇಷ್ಟ್ರು ಬಂದು ಕಣ್ಣು, ನೆರಳು, ಹೊಳಪು ತಾವೇ ಹಾಕಿಬಿಡುತ್ತಿದ್ದರು. ಹತ್ತು ನಿಮಿಷದಲ್ಲಿ ಚಿತ್ರಕ್ಕೆ ಜೀವ ಬರುತ್ತಿತ್ತು. ಮನೆಗೆ ತಂದರೆ ಎಲ್ಲರೂ ಹೊಗಳುವವರೇ. ನಾನೂ ನಂಬಿದೆ.

ಕಿಟ್ಟಿನ ಕಾಗದ ನೀರು ತಾಗಿದ ಕೂಡಲೇ ಹಪ್ಪಳದ ಹಾಗೆ ಏಳುತ್ತಿತ್ತು. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಎಷ್ಟು ಸಲ ಬೇಜಾರಾಗಿದ್ದೇನೋ! ವಾಟರ್ ಕಲರಿಗೆ 300 ಜಿಎಸ್ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಇದ್ದರೆ ಅಷ್ಟು ಸುಕ್ಕಾಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ವಾಟರ್ ಕಲರ್ ಅಂತ ಕೊಟ್ಟಿದ್ದು ಪೋಸ್ಟರ್ ಕಲರ್. ವಾಟರ್ ಕಲರಿನಲ್ಲಿ ಕಾಗದದ ಬಿಳುಪು ಬಣ್ಣದೊಳಗಿಂದ ಕಾಣುತ್ತದೆ. ಪೋಸ್ಟರ್ ಕಲರ್ ಅದನ್ನು ಮುಚ್ಚಿಬಿಡುತ್ತದೆ. ಇಷ್ಟನ್ನೂ ಅಲ್ಲಿ ಯಾರೂ ಹೇಳಲಿಲ್ಲ.

ನಾಲ್ಕನೇ ತಿಂಗಳು ಮನೆಯವರೆಲ್ಲ ಚಿತ್ರದುರ್ಗದ ಕೋಟೆಗೆ ಹೋಗಿದ್ದೆವು. ಓಬವ್ವನ ಕಿಂಡಿಯ ಹತ್ತಿರ ಅಕ್ಕನ ಮಗಳು ನೋಟ್‌ಬುಕ್ಕು ಮುಂದೆ ಹಿಡಿದು ‘ಮಾವ, ಇದನ್ನ ಬಿಡಿಸಿಕೊಡು’ ಅಂದಳು. ಎರಡು ಬಂಡೆ, ನಡುವೆ ಒಂದು ಸಂದಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯಲಿಲ್ಲ. ‘ಮನೇಲಿ ಅಷ್ಟು ಚೆನ್ನಾಗಿ ಬಿಡಿಸಿದ್ದೀಯಲ್ಲ?’ ಅಂತ ಆ ಮಗು ಕೇಳಿದಾಗ ಗಂಟಲು ಕಟ್ಟಿತು.

ಮುಂದಿನ ವಾರ ಮೇಷ್ಟ್ರನ್ನು ಕೇಳಿದೆ. ‘ಈ ವಯಸ್ಸಲ್ಲಿ ನೋಡಿ ಬಿಡಿಸೋದು ಬರಲ್ಲ ಸರ್, ಟ್ರೇಸ್ ಮಾಡಿದ್ರೆ ಸಾಕು’ ಅಂದರು. ಈ ಮಾತನ್ನು ದಯವಿಟ್ಟು ನಂಬಬೇಡಿ. ಇದು ಸುಳ್ಳು. ಟ್ರೇಸ್ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದರ ಜೊತೆಗೆ ನೋಡುವುದನ್ನೂ ಕಲಿಸಬೇಕು ಅಲ್ವಾ?

ನಮ್ಮೂರಲ್ಲೇ ದೃಶ್ಯಕಲಾ ಕಾಲೇಜು ಇದೆ. ಅಲ್ಲಿ ಓದಿದ ಹುಡುಗನೊಬ್ಬ ಈಗ ನನಗೆ ಹೇಳಿಕೊಡುತ್ತಿದ್ದಾನೆ. ಮೊದಲ ದಿನ ಒಂದು ಚೊಂಬು, ಒಂದು 2ಬಿ ಪೆನ್ಸಿಲ್, ಅಷ್ಟೇ. ಕೈ ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಇಟ್ಟು ಚೊಂಬಿನ ಅಗಲ ಅಳೆಯಲು ಹೇಳಿದ. ಎತ್ತರಕ್ಕೆ ಅದು ಎಷ್ಟು ಪಾಲು ಅಂತ ನೋಡಿಸಿದ. ಇನ್ನೊಂದು ದಿನ ‘ಕುರ್ಚಿ ಬಿಡಿಸಬೇಡಿ ಅಂಕಲ್, ಕಾಲುಗಳ ನಡುವಿನ ಖಾಲಿ ಜಾಗ ಬಿಡಿಸಿ’ ಅಂದ. ಬಿಡಿಸಿದೆ. ಕುರ್ಚಿ ತಾನಾಗೇ ಬಂತು! ಸೊಟ್ಟಗಿದೆ, ಆದರೆ ಒಂದು ಗೆರೆಯೂ ಬೇರೆಯವರದಲ್ಲ.

ಹಾಗಾಗಿ ಸೇರುವ ಮೊದಲು ಒಂದು ಕ್ಲಾಸಿನಲ್ಲಿ ಸುಮ್ನೆ ಕೂತು ನೋಡಿ. ಮೇಜಿನ ಮೇಲೆ ಬಿಡಿಸಲು ಏನಾದರೂ ವಸ್ತು ಇಟ್ಟಿದ್ದಾರಾ? ಗೋಡೆಯ ಚಿತ್ರ ಕೇಳಬೇಡಿ, ಎರಡು ತಿಂಗಳು ಕಲಿತವರ ಸ್ಕೆಚ್ ಪುಸ್ತಕ ಕೇಳಿ. ಅದನ್ನು ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಫೀಸು ತಿಂಗಳು ತಿಂಗಳು ಕಟ್ಟಿ. ನನ್ನ ಹತ್ತಿರ ರಸೀದಿ ಇರಲಿಲ್ಲ, ಒಂದು ರೂಪಾಯಿಯೂ ವಾಪಸ್ ಬರಲಿಲ್ಲ. ನೀವು ಈಗಾಗಲೇ ಕಟ್ಟಿದ್ದರೆ ನಾಳೆಯೇ ಹೋಗಿ ರಸೀದಿ ಬರೆಸಿಕೊಳ್ಳಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.